ಹಳೆ ಅಂಬಾಸಿಡರ್, ಪದ್ಮಿನಿಗಳ ಡಿಕ್ಕಿ ಬೀಗ ಬದಲಿಸುವ ಬಗೆ

ಡಿಕ್ಕಿ ಬೀಗ ಕೆಟ್ಟಿದೆ ಎಂದು ಹೊಸದು ತರಲು ಹೊರಡುವ ಮುಂಚೆ ಹತ್ತು ನಿಮಿಷ ಕಾರಿನ ಹಿಂದೆ ಕಳೆಯಿರಿ. ಹಳೆ ಕಾರುಗಳಲ್ಲಿ ‘ಬೀಗ ಕೆಟ್ಟಿದೆ’ ಎನ್ನುವ ದೂರು ಬಹಳ ಸಲ ಬೀಗದ್ದಾಗಿರುವುದಿಲ್ಲ. ಹಿಂಜ್ ಸವೆದು ಮುಚ್ಚಳ ಒಂದು ಕಡೆಗೆ ಜರುಗಿರುತ್ತದೆ, ಇಲ್ಲವೇ ಯಾರೋ ದಪ್ಪ ಬೀಡಿಂಗ್ (ಮುಚ್ಚಳ ಕೂರುವ ಅಂಚಿನ ರಬ್ಬರ್ ಪಟ್ಟಿ) ಕೂರಿಸಿರುತ್ತಾರೆ, ಇಲ್ಲವೇ ಮುಚ್ಚಳದ ಕೊಕ್ಕೆ ಕಚ್ಚಿಕೊಳ್ಳುವ ಕೆಳಗಿನ ಕೊಂಡಿ ಸಡಿಲಾಗಿರುತ್ತದೆ. ಹಾಗಿದ್ದಾಗ ಹೊಸ ಬೀಗ ಹಾಕಿದರೂ ಎರಡೇ ತಿಂಗಳಲ್ಲಿ ಅದೇ ಕಥೆ.

ಪರೀಕ್ಷೆ ಸುಲಭ. ಡಿಕ್ಕಿ ತೆರೆದಿಟ್ಟು, ಮುಚ್ಚಳದಲ್ಲಿರುವ ಕೊಕ್ಕೆಯನ್ನು (ಮೆಕ್ಯಾನಿಕ್‌ಗಳ ಮಾತಿನಲ್ಲಿ ಲ್ಯಾಚ್) ಸ್ಕ್ರೂ ಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಈಗ ಕೀ ತಿರುಗಿಸಿ, ಹ್ಯಾಂಡಲ್ ತಿರುಗಿಸಿ ಅಥವಾ ಗುಂಡಿ ಒತ್ತಿ. ಕೊಕ್ಕೆ ಸಲೀಸಾಗಿ ಬಿಟ್ಟುಕೊಂಡರೆ ಬೀಗ ಸರಿಯಿದೆ, ತೊಂದರೆ ಜೋಡಣೆಯಲ್ಲಿದೆ. ನೇರವಾಗಿ ಕೊಂಡಿಯ ಭಾಗಕ್ಕೆ ಹೋಗಿ. ಬಿಟ್ಟುಕೊಳ್ಳದಿದ್ದರೆ ಕೀ ಹೇಗೆ ವರ್ತಿಸುತ್ತದೆ ನೋಡಿ. ಕೀ ಒಳಗೇ ಹೋಗದಿದ್ದರೆ, ಹೋದರೂ ತಿರುಗದಿದ್ದರೆ ಬ್ಯಾರಲ್ (ಕೀ ಹಾಕಿ ತಿರುಗಿಸುವ ಉರುಳೆ) ಒಳಗೆ ಧೂಳು ಕಚ್ಚಿದೆ ಅಥವಾ ಕೀ ಸವೆದಿದೆ. ಕೀ ಸುತ್ತಲೂ ಗಿರ್‍ರನೆ ತಿರುಗಿ ಏನೂ ಆಗದಿದ್ದರೆ ಬ್ಯಾರಲ್‌ನ ಹಿಂದಿನ ಪಟ್ಟಿ ಮುರಿದಿದೆ, ಇಲ್ಲವೇ ಅದನ್ನು ಹಿಡಿದಿದ್ದ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ) ಬಿದ್ದುಹೋಗಿದೆ. ಹ್ಯಾಂಡಲ್ ತಿರುಗುತ್ತದೆ ಆದರೆ ಕೊಕ್ಕೆ ಅಲುಗುವುದಿಲ್ಲ ಎಂದರೆ ಹ್ಯಾಂಡಲ್ಲನ್ನು ಕೊಕ್ಕೆಗೆ ಜೋಡಿಸುವ ಚೌಕಾಕಾರದ ಸ್ಪಿಂಡಲ್‌ನ ಮೂಲೆಗಳು ಸವೆದು ದುಂಡಾಗಿವೆ.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ

ಕಾರಿನ ಹೆಸರು ನಂಬಬೇಡಿ, ಬೀಗ ನೋಡಿ. ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಕಾರು. ಅಷ್ಟು ವರ್ಷಗಳಲ್ಲಿ ಮಾರ್ಕ್ (ಮಾದರಿಯ ಆವೃತ್ತಿ) ಬದಲಾದಂತೆ ಬಿಡಿಭಾಗ ಬದಲಾಗಿದೆ, ಅದರ ಮೇಲೆ ಒಬ್ಬೊಬ್ಬ ಮಾಲೀಕರು ಒಂದೊಂದು ಸಿಕ್ಕಿದ್ದನ್ನು ಕೂರಿಸಿದ್ದಾರೆ. ಟ್ಯಾಕ್ಸಿಯಾಗಿ ಓಡಿದ ಗಾಡಿಯಲ್ಲಂತೂ ಮೂಲ ಬೀಗ ಉಳಿದಿದ್ದರೆ ಅದೃಷ್ಟ.

ಆ ಕಾಲದ ಕಾರುಗಳಲ್ಲಿ ಕಾಣುವುದು ಮುಖ್ಯವಾಗಿ ಮೂರು ಏರ್ಪಾಡು. ಮೊದಲನೆಯದು ತಿರುಗಿಸುವ ಹ್ಯಾಂಡಲ್. ಇಲ್ಲಿ ಕೀ ಮಾಡುವುದು ಹ್ಯಾಂಡಲ್ ತಿರುಗದಂತೆ ತಡೆಯುವ ಕೆಲಸ ಮಾತ್ರ. ಕೊಕ್ಕೆಯನ್ನು ಎಳೆಯುವುದು ಹ್ಯಾಂಡಲ್‌ನಿಂದ ಒಳಗೆ ಹೋಗುವ ಚೌಕ ಸ್ಪಿಂಡಲ್. ಎರಡನೆಯದು ಒತ್ತುವ ಗುಂಡಿ: ಕೀ ತೆರೆದಾಗ ಗುಂಡಿಯ ಹಿಂದಿನ ಕಡ್ಡಿ ಕೊಕ್ಕೆಯ ಲಿವರ್‌ಗೆ ತಾಗುತ್ತದೆ, ಮುಚ್ಚಿದಾಗ ಗುಂಡಿ ಒತ್ತಿದರೂ ತಾಗುವುದಿಲ್ಲ. ಮೂರನೆಯದರಲ್ಲಿ ಹ್ಯಾಂಡಲ್ಲೂ ಇಲ್ಲ, ಗುಂಡಿಯೂ ಇಲ್ಲ, ಬ್ಯಾರಲ್‌ನ ಬಾಲವೇ ಕೊಕ್ಕೆಯನ್ನು ತಿರುಗಿಸುತ್ತದೆ. ಮೂರನೆಯದರಲ್ಲಿ ಎಲ್ಲ ಭಾರ ಕೀ ಮೇಲೆ ಬೀಳುವುದರಿಂದ ಕೀ ಮುರಿಯುವುದು ಇಲ್ಲೇ ಹೆಚ್ಚು.

ಡಿಕ್ಕಿ ತೆರೆಯಲೇ ಆಗದಿದ್ದರೆ

ಇಬ್ಬರು ಬೇಕು. ಒಬ್ಬರು ಬೀಗದ ಮೇಲ್ಭಾಗದಲ್ಲಿ ಎರಡೂ ಅಂಗೈ ಊರಿ ಮುಚ್ಚಳವನ್ನು ಕೆಳಕ್ಕೆ ಒತ್ತಲಿ, ಇನ್ನೊಬ್ಬರು ಆಗ ಕೀ ತಿರುಗಿಸಲಿ. ಬೀಡಿಂಗ್ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಆ ಬಿಗಿಗೆ ಕೊಕ್ಕೆ ಕೊಂಡಿಗೆ ಕಚ್ಚಿಕೊಂಡಿರುತ್ತದೆ. ಒತ್ತಿದಾಗ ಕಚ್ಚು ಸಡಿಲಾಗುತ್ತದೆ. ಜಗ್ಗದ ಬೀಗಗಳಲ್ಲಿ ಅನೇಕವು ಇಷ್ಟಕ್ಕೇ ತೆರೆಯುತ್ತವೆ.

ಆಗಲಿಲ್ಲವಾದರೆ ತುಕ್ಕು ಬಿಡಿಸುವ ಸ್ಪ್ರೇಯ ಸಣ್ಣ ಕೊಳವೆಯನ್ನು ಕೀ ಸೀಳಿಗೆ ಹಿಡಿದು ಹೊಡೆಯಿರಿ, ಅರ್ಧ ಗಂಟೆ ಬಿಡಿ, ಕೀ ಹತ್ತಾರು ಸಲ ಒಳಗೆ ಹೊರಗೆ ಆಡಿಸಿ, ಮತ್ತೆ ಹೊಡೆಯಿರಿ. ಒಂದು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಕೀಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವ ಆಸೆ ಬರುತ್ತದೆ, ಬೇಡ. ಹಿತ್ತಾಳೆ ಕೀ ಸೀಳಿನ ಬಾಯಲ್ಲೇ ತುಂಡಾಗುತ್ತದೆ. ತುಂಡಾದರೆ ತೆಳು ಜಿಗ್‌ಸಾ ಬ್ಲೇಡನ್ನು ಹಲ್ಲು ನಿಮ್ಮ ಕಡೆಗೆ ವಾಲಿರುವಂತೆ ತೂರಿಸಿ, ಕೀಯ ಕಚ್ಚುಗಳಿಗೆ ಸಿಕ್ಕಿಸಿ ಹೊರಕ್ಕೆ ಎಳೆಯಬೇಕು.

ಹಿಂದಿನ ಸೀಟು ಬಿಚ್ಚಿ ಒಳಗಿನಿಂದ ಹೋಗುವುದು ಮುಂದಿನ ದಾರಿ. ಸೀಟಿನ ಬೆನ್ನಿನ ಹಿಂದೆ ರಟ್ಟು ಇದ್ದರೆ ಬಿಚ್ಚಿ ಕೈ ಚಾಚಬಹುದು. ತಗಡಿನ ಗೋಡೆಯಿದ್ದರೆ ಆ ದಾರಿ ಮುಚ್ಚಿತು. ಕೊನೆಗೆ ಉಳಿಯುವುದು ಡ್ರಿಲ್. ಹಳೆ ಸೆಡಾನ್‌ಗಳ ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಆಸುಪಾಸಿನಲ್ಲೇ ಇರುತ್ತದೆ, ಎಷ್ಟೋ ಅಂಬಾಸಿಡರ್‌ಗಳ ಡಿಕ್ಕಿಯೊಳಗೆ ಗ್ಯಾಸ್ ಸಿಲಿಂಡರ್ ಇದೆ. ಪೆಟ್ರೋಲ್ ಅಥವಾ ಗ್ಯಾಸ್ ವಾಸನೆ ಸ್ವಲ್ಪ ಬಂದರೂ ಡ್ರಿಲ್ ಕೈಗೆತ್ತಿಕೊಳ್ಳಬೇಡಿ. ಮೊದಲು ಸೋರಿಕೆ ನಿಲ್ಲಿಸಿ, ಸೀಟು ಬಿಚ್ಚಿ ಗಾಳಿಯಾಡಿಸಿ. ನಂತರ 3 ಮಿ.ಮೀ. ಬಿಟ್‌ನಿಂದ ಕೀ ಸೀಳಿನ ನಡುವೆಯೇ ನೇರವಾಗಿ ಕೊರೆಯಿರಿ. ಎಷ್ಟು ಆಳ? ಕೀಯ ಒಳಹೋಗುವ ಭಾಗದ ಉದ್ದ ಅಳೆದು ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿ, ಅದಕ್ಕಿಂತ ಮುಂದೆ ಹೋದರೆ ಕೊಕ್ಕೆಯ ಪೆಟ್ಟಿಗೆ ಹಾಳು. ಆಮೇಲೆ 5, 6 ಮಿ.ಮೀ.ಗೆ ಅಗಲಿಸಿ. ಬ್ಯಾರಲ್ ಒಳಗಿನ ತೆಳು ಹಿತ್ತಾಳೆ ಪ್ಲೇಟುಗಳು ಪುಡಿಯಾಗಿ ಉದುರಿದ ಮೇಲೆ ಚಪ್ಪಟೆ ಸ್ಕ್ರೂ ಡ್ರೈವರ್ ತೂರಿಸಿ ತಿರುಗಿಸಿದರೆ ತೆರೆಯುತ್ತದೆ.

ಬಿಚ್ಚುವುದು

ನಂಬರ್ ಪ್ಲೇಟ್ ದೀಪದ ವೈರು ಮುಚ್ಚಳದಲ್ಲೇ ಹಾದುಹೋಗುತ್ತಿದ್ದರೆ ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ಬಿಚ್ಚಿ. ಬ್ರಿಟಿಷ್ ಮೂಲದ ತೀರಾ ಹಳೆ ಗಾಡಿಗಳಲ್ಲಿ ಕಾರಿನ ಮೈಗೆ ಜೋಡಿಸಿರುವ ಅರ್ಥ್ ಬ್ಯಾಟರಿಯ ಪಾಸಿಟಿವ್ ಆಗಿರಬಹುದು, ಬಣ್ಣ ನೋಡಿ ಅಂದಾಜು ಮಾಡದೆ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಹಿಂಬಾಲಿಸಿ ನೋಡಿ. ಹ್ಯಾಂಡಲ್ ಸುತ್ತ ಪೇಂಟ್ ಮೇಲೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಡಿಕ್ಕಿಯ ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ, ಬಿದ್ದ ವಾಷರ್ ಮತ್ತೆ ಸಿಗಲು ಅದು ಬೇಕು. ಮುಚ್ಚಳದ ಎರಡು ತಗಡಿನ ನಡುವಿನ ಪೊಳ್ಳಿಗೆ ನಟ್ ಬಿದ್ದರೆ ಉದ್ದ ಕಡ್ಡಿಯ ಮ್ಯಾಗ್ನೆಟ್ ಇಲ್ಲದೆ ಹೊರಬರುವುದಿಲ್ಲ, ಅಲ್ಲೇ ಬಿಟ್ಟರೆ ರಸ್ತೆಯ ಪ್ರತಿ ಹಳ್ಳದಲ್ಲೂ ಗಲಗಲ ಎನ್ನುತ್ತಿರುತ್ತದೆ.

ಸ್ಪ್ಯಾನರ್ ವಿಷಯದಲ್ಲಿ ಎಚ್ಚರ. ಅಂಬಾಸಿಡರ್ ಮೂಲತಃ ಮಾರಿಸ್ ಆಕ್ಸ್‌ಫರ್ಡ್, ಅದರ ಬಾಡಿ ನಟ್ ಬೋಲ್ಟ್‌ಗಳು ಇಂಚಿನ ಲೆಕ್ಕದವು. ಪದ್ಮಿನಿ ಮೂಲತಃ ಫಿಯಟ್, ಅದು ಮೆಟ್ರಿಕ್. ಕಾಲಿಂಚಿನ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಥ್ರೆಡ್) ಬೋಲ್ಟ್‌ಗೆ 7/16 ಸ್ಪ್ಯಾನರ್ ಬೇಕು, ಕೈಲಿಲ್ಲದಿದ್ದರೆ 11 ಹೊಂದುತ್ತದೆ. ಎಂ6 ಬೋಲ್ಟ್‌ಗೆ 10. ಕಾಲಿಂಚು ಎಂದರೆ 6.35 ಮಿ.ಮೀ., ಹಾಗಾಗಿ ಎಂ6 ಬೋಲ್ಟ್ ಕಾಲಿಂಚಿನ ನಟ್‌ನಲ್ಲಿ ಸುಮ್ಮನೆ ಜಾರಿ ಕೂತಂತೆ ಕಾಣುತ್ತದೆ. ಬಿಗಿ ಮಾಡಿದ ಕೂಡಲೇ ಥ್ರೆಡ್ ಕಿತ್ತು ಬರುತ್ತದೆ. ಹಳೆ ಗಾಡಿಗಳಲ್ಲಿ ಬೀಗ ಸಡಿಲಾಗಿ ಅಲ್ಲಾಡುವುದಕ್ಕೆ ಈ ಬೆರಕೆ ಬೋಲ್ಟ್‌ಗಳೂ ಕಾರಣ. ಬಿಚ್ಚಿದ ನಟ್ ಬೋಲ್ಟ್‌ಗಳನ್ನು ಬಿಸಾಡಬೇಡಿ, ಸೀಮೆಎಣ್ಣೆಯಲ್ಲಿ ತೊಳೆದು ಅವನ್ನೇ ಹಾಕಿ.

ಕೊಕ್ಕೆಯ ಪೆಟ್ಟಿಗೆಯ ಅಂಚಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದ ಮೇಲೆಯೇ ಅದರ ಸ್ಕ್ರೂಗಳನ್ನು ಸಡಿಲಿಸಿ. ಸ್ಪಿಂಡಲ್‌ನ ತುದಿಯಲ್ಲಿ ಸರ್ಕ್ಲಿಪ್ಪೋ ಸ್ಪ್ಲಿಟ್ ಪಿನ್ನೋ ಇದ್ದರೆ ಅದನ್ನು ತೆಗೆದು, ಹ್ಯಾಂಡಲ್‌ನ ಬುಡದ ನಟ್‌ಗಳನ್ನು ಒಳಗಿನಿಂದ ಬಿಚ್ಚಿ. ಹೊರಗಡೆ ಇನ್ನೊಬ್ಬರು ಹ್ಯಾಂಡಲ್ ಹಿಡಿದಿರಲಿ. ಗುಂಡಿ ಅಥವಾ ಬರೀ ಬ್ಯಾರಲ್ ಬಗೆಯಾದರೆ ಹಿಂದೆ ದೊಡ್ಡ ರಿಂಗ್ ನಟ್ ಇರಬಹುದು, ಇಲ್ಲವೇ ಪಕ್ಕದಿಂದ ತೂರಿಸಿದ ಯು ಆಕಾರದ ಸ್ಪ್ರಿಂಗ್ ಕ್ಲಿಪ್. ಕ್ಲಿಪ್ಪನ್ನು ಅದರ ಕಿವಿ ಹಿಡಿದು ಪಕ್ಕಕ್ಕೆ ಎಳೆಯಬೇಕು, ಹಿಂದಕ್ಕೆ ಮೀಟಿದರೆ ಬಾಗುತ್ತದೆ, ಬಾಗಿದ ಕ್ಲಿಪ್ ಮತ್ತೆ ಗಟ್ಟಿಯಾಗಿ ಹಿಡಿಯುವುದಿಲ್ಲ.

ಜಗ್ಗದ ಸ್ಕ್ರೂಗೆ ಬೆಂಕಿ ತೋರಿಸುವ ಅಭ್ಯಾಸ ಇಲ್ಲಿ ಬೇಡ. ಪೇಂಟೂ ಹೋಗುತ್ತದೆ, ಪಕ್ಕದಲ್ಲೇ ಪೆಟ್ರೋಲ್. ಸ್ಪ್ರೇ ಹೊಡೆದು ಇಂಪ್ಯಾಕ್ಟ್ ಸ್ಕ್ರೂ ಡ್ರೈವರ್‌ನಿಂದ ಎರಡು ಪೆಟ್ಟು ಕೊಡಿ. ಇನ್ನೊಂದು ಮಾತು: ನಂಬರ್ ಪ್ಲೇಟ್ ಮುಚ್ಚಳದ ಮೇಲಿದ್ದು, ಹೊಸ ಎಚ್‌ಎಸ್‌ಆರ್‌ಪಿ (ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟ್) ಹಾಕಿಸಿದ್ದರೆ ಅದರ ಸ್ನ್ಯಾಪ್ ಲಾಕ್ ಒಡೆದರೆ ಮತ್ತೆ ಕೂರುವುದಿಲ್ಲ. ಪ್ಲೇಟ್ ಮುಟ್ಟದೆ ಒಳಗಿನಿಂದಲೇ ಕೆಲಸ ಮುಗಿಸಿ.

ಅಂಗಡಿಗೆ ಹೋಗುವಾಗ

ಹಳೆ ಬೀಗವನ್ನು ಕೈಲಿ ಹಿಡಿದೇ ಹೋಗಿ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ. ಉಳಿದ ಊರುಗಳಲ್ಲಿ ಹಳೆ ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದ ಗ್ಯಾರೇಜಿನವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ‘ಅಂಬಾಸಿಡರ್ ಡಿಕ್ಕಿ ಲಾಕ್’ ಎಂದಷ್ಟೇ ಹೇಳಿದರೆ ಸಿಗುವುದು ಯಾವುದೋ ಒಂದು ಬೀಗ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ: ಸ್ಪಿಂಡಲ್‌ನ ಚೌಕದ ಬದಿ, ಬುಡದಿಂದ ತುದಿಯವರೆಗೆ ಉದ್ದ, ಎರಡು ಸ್ಟಡ್‌ಗಳ ನಡುವಿನ ಅಂತರ (ಮಧ್ಯದಿಂದ ಮಧ್ಯಕ್ಕೆ), ಬ್ಯಾರಲ್‌ನ ದಪ್ಪ. ಕೀ ಯಾವ ಕಡೆಗೆ ತಿರುಗುತ್ತದೆ, ಕಾಲು ಸುತ್ತೋ ಅರ್ಧ ಸುತ್ತೋ, ಯಾವ ಸ್ಥಾನದಲ್ಲಿ ಹೊರಬರುತ್ತದೆ ಎನ್ನುವುದನ್ನೂ ಹೋಲಿಸಿ. ಹಿಂದಿನ ಬಾಲ ಬೇರೆ ಕೋನದಲ್ಲಿದ್ದರೆ ಬೀಗ ಕೂರುತ್ತದೆ, ಕೆಲಸ ಮಾಡುವುದಿಲ್ಲ.

ಸ್ಪಿಂಡಲ್ ಉದ್ದವಾಗಿದ್ದರೆ ಕತ್ತರಿಸಬಹುದು. ಗಿಡ್ಡವಾಗಿದ್ದರೆ ವಾಪಸ್ ಕೊಡಿ, ವೆಲ್ಡಿಂಗ್ ಮಾಡಿ ಉದ್ದ ಮಾಡಿದ್ದು ಬಾಳುವುದಿಲ್ಲ. ಈಗ ಸಿಗುವ ನಕಲು ಹ್ಯಾಂಡಲ್‌ಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್. ಕ್ರೋಮ್‌ನಲ್ಲಿ ಈಗಾಗಲೇ ಸೂಜಿಮೊನೆಯಂಥ ಗುಳ್ಳೆ ಇದ್ದರೆ ಅದು ಒಂದು ಮಳೆಗಾಲದಲ್ಲಿ ಸಿಡಿಯುತ್ತದೆ. ಹಳೆಯ ಗಟ್ಟಿ ಹ್ಯಾಂಡಲ್ ನಿಮ್ಮ ಬಳಿ ಇದ್ದು ಬ್ಯಾರಲ್ ಮಾತ್ರ ಕೆಟ್ಟಿದ್ದರೆ, ಹೊಸ ಬೀಗದಿಂದ ಬ್ಯಾರಲ್ ತೆಗೆದು ಹಳೆ ಹ್ಯಾಂಡಲ್‌ಗೆ ಹಾಕುವುದೇ ಜಾಣತನ. ಹಳೆ ಹ್ಯಾಂಡಲ್‌ಗೆ ಹೊಸ ಕ್ರೋಮ್ ಹಾಕಿಸಬಹುದು, ಹೊಸ ಹ್ಯಾಂಡಲ್‌ಗೆ ಹಳೆ ತೂಕ ತರಲು ಬರುವುದಿಲ್ಲ.

ಹಳೆ ಕೀಗೇ ಹೊಸ ಬ್ಯಾರಲ್ ಹೊಂದಿಸುವುದು

ಬಾಗಿಲಿಗೊಂದು, ಡಿಕ್ಕಿಗೊಂದು ಕೀ ಹಿಡಿದು ತಿರುಗುವುದು ಬೇಡವೆಂದರೆ ಸ್ವಲ್ಪ ತಾಳ್ಮೆಯ ಕೆಲಸವಿದೆ. ಎರಡೂ ಕೀಗಳ ಅಡ್ಡಸೀಳು ಒಂದೇ ಆಕಾರದಲ್ಲಿದ್ದರೆ ಮಾತ್ರ ಇದು ಸಾಧ್ಯ. ಹಳೆ ಕೀ ಹೊಸ ಬ್ಯಾರಲ್‌ನೊಳಗೆ ಪೂರ್ತಿ ಹೋಗಬೇಕು, ತಿರುಗದಿದ್ದರೂ ಪರವಾಗಿಲ್ಲ.

ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ಹೊಸ ಕೀಯನ್ನು ಬ್ಯಾರಲ್‌ನಲ್ಲಿ ಇಟ್ಟೇ, ಕವಚದ ಸಣ್ಣ ತೂತಿನಲ್ಲಿ ಕಾಣುವ ಹಿಡಿಕೆ ಪ್ಲೇಟನ್ನು ಸೂಜಿಯಿಂದ ಒತ್ತಿ ಬ್ಯಾರಲ್ ಹೊರಗೆ ಎಳೆಯಿರಿ. ಕೆಲವದರಲ್ಲಿ ಪ್ಲೇಟ್ ಬದಲು ಪಿನ್ ಇರುತ್ತದೆ, ಅದನ್ನು ಪಂಚ್‌ನಿಂದ ತಟ್ಟಿ ಹೊರಡಿಸಬೇಕು. ಕೀ ಇಲ್ಲದೆ ಎಳೆದರೆ ಪ್ಲೇಟುಗಳು ಕವಚದ ಒಳಗಿನ ಸೀಳಿಗೆ ಸಿಕ್ಕಿ ಬ್ಯಾರಲ್ ಅಲುಗುವುದೇ ಇಲ್ಲ.

ಹೊರಬಂದ ಬ್ಯಾರಲ್‌ನಲ್ಲಿ ತೆಳುವಾದ ಹಿತ್ತಾಳೆ ಪ್ಲೇಟುಗಳ ಸಾಲು ಕಾಣುತ್ತದೆ, ಪ್ರತಿಯೊಂದರ ಪಕ್ಕ ಅಕ್ಕಿಕಾಳಿನಷ್ಟು ಚಿಕ್ಕ ಸ್ಪ್ರಿಂಗ್. ಈಗ ಹಳೆ ಕೀ ಹಾಕಿ. ಬ್ಯಾರಲ್‌ನ ಮೈಗೆ ಸಮನಾಗಿ ನಿಂತ ಪ್ಲೇಟುಗಳು ಹಾಗೇ ಇರಲಿ. ಹೊರಚಾಚಿದವನ್ನು ಒಂದೊಂದಾಗಿ ತೆಗೆದು ಜಾಗ ಅದಲುಬದಲು ಮಾಡಿ ನೋಡಿ. ಒಂದು ಜಾಗಕ್ಕೆ ಹೊಂದದ್ದು ಇನ್ನೊಂದಕ್ಕೆ ಹೊಂದುತ್ತದೆ. ಹಳೆ ಬ್ಯಾರಲ್ ಪುಡಿಯಾಗಿರದಿದ್ದರೆ ಅದರ ಪ್ಲೇಟುಗಳನ್ನೂ ಬಳಸಿಕೊಳ್ಳಿ. ಕೊನೆಗೂ ಒಂದು ಪ್ಲೇಟ್ ಕೂದಲೆಳೆಯಷ್ಟು ಚಾಚಿದ್ದರೆ ನುಣುಪು ಅರದಿಂದ ಉಜ್ಜಬಹುದು. ಆದರೆ ಎರಡಕ್ಕಿಂತ ಹೆಚ್ಚು ಪ್ಲೇಟ್ ಉಜ್ಜಿದರೆ ಬೇರೆಯವರ ಕೀಗೂ ಬಾಗುವ ಬೀಗವಾಗುತ್ತದೆ. ಪುಡಿಯನ್ನು ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಜೋಡಿಸಿ. ಬ್ಯಾರಲ್ ಅಥವಾ ಕೀ ಮೇಲೆ ನಂಬರ್ ಕೆತ್ತಿದ್ದರೆ ಕಾರಿನ ಕಾಗದಪತ್ರದ ಜೊತೆ ಬರೆದಿಡಿ, ಮುಂದೆ ನಕಲಿ ಕೀ ಮಾಡಿಸಲು ಉಪಯೋಗವಾಗುತ್ತದೆ.

ಕೂರಿಸುವುದು

ಹ್ಯಾಂಡಲ್ ಕೂತಿದ್ದ ಜಾಗದಲ್ಲಿ ತುಕ್ಕು ಇದ್ದೇ ಇರುತ್ತದೆ. ಉಕ್ಕಿನ ತಗಡು, ಮೇಲೆ ಸತುವಿನ ಹ್ಯಾಂಡಲ್, ನಡುವೆ ನೀರು ಸೇರಿದರೆ ಎರಡೂ ತಿನ್ನಿಸಿಕೊಳ್ಳುತ್ತವೆ. ಎಮರಿ ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ತೂತುಗಳ ಒಳ ಅಂಚಿಗೂ ಮರೆಯದೆ ಹಚ್ಚಿ, ಒಣಗಿದ ಮೇಲೆ ಪೇಂಟ್ ಕೊಡಿ. ರಬ್ಬರ್ ಪ್ಯಾಡ್ ಒಡೆದಿದ್ದರೆ 2 ಮಿ.ಮೀ. ರಬ್ಬರ್ ಶೀಟಿನಲ್ಲಿ ಹೊಸದು ಕತ್ತರಿಸಿ. ಸೈಕಲ್ ಟ್ಯೂಬ್ ತೀರಾ ತೆಳು, ಲಾರಿ ಟ್ಯೂಬ್ ಆಗಬಹುದು. ಬೀಗಕ್ಕೆ ನೀರು ಇಳಿಯುವ ತೂತು ಇದ್ದರೆ ಅದು ಕೆಳಮುಖವಾಗಿರಲಿ. ತಲೆಕೆಳಗಾಗಿ ಕೂರಿಸಿದ ಬೀಗ ನೀರು ಕುಡಿಯುತ್ತದೆ.

ನಟ್ ಬಿಗಿ ಮಾಡುವಾಗ ಸ್ಪ್ಯಾನರ್‌ನ ತುದಿ ಹಿಡಿಯದೆ ನಡುವೆ ಹಿಡಿಯಿರಿ. ಎರಕದ ಸ್ಟಡ್ ಉಕ್ಕಿನಂತೆ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಸ್ಪ್ರಿಂಗ್ ವಾಷರ್ ಚಪ್ಪಟೆಯಾದ ಮೇಲೆ ಕಾಲು ಸುತ್ತು ಸಾಕು. ಸ್ಪಿಂಡಲ್‌ಗೆ ಹಿಂದೆ ಮುಂದೆ ಒಂದು ಮಿ.ಮೀ.ನಷ್ಟು ಆಟ ಇರಬೇಕು. ಇಲ್ಲದಿದ್ದರೆ ಹ್ಯಾಂಡಲ್ ತಾನಾಗಿ ಮೊದಲಿನ ಜಾಗಕ್ಕೆ ಮರಳುವುದಿಲ್ಲ, ನೀವು ಸ್ಪ್ರಿಂಗ್ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಈಗ ಡಿಕ್ಕಿ ಮುಚ್ಚಬೇಡಿ. ಮೊದಲು ಹೇಳಿದ ಸ್ಕ್ರೂ ಡ್ರೈವರ್ ಪರೀಕ್ಷೆಯನ್ನು ಮುಚ್ಚಳ ತೆರೆದಿರುವಾಗಲೇ ಹತ್ತು ಸಲ ಮಾಡಿ: ಕೊಕ್ಕೆ ಒತ್ತಿ, ಬೀಗ ಹಾಕಿ, ತೆಗೆದು, ಬಿಡಿಸಿ. ಹತ್ತೂ ಸಲ ಸರಿಯಾದರೆ ಮಾತ್ರ ಮುಂದೆ. ಸಂಭ್ರಮದಲ್ಲಿ ಧಡ್ ಎಂದು ಮುಚ್ಚಿ, ಹಳೆ ಬೀಗ ಮತ್ತು ಸ್ಪ್ಯಾನರ್ ಸೆಟ್ ಎರಡನ್ನೂ ಡಿಕ್ಕಿಯೊಳಗೆ ಬಂದಿ ಮಾಡುವುದು ಈ ಕೆಲಸದಲ್ಲಿ ಮಾಮೂಲು.

ಕೊಂಡಿಯ ಹೊಂದಾಣಿಕೆ

ಇಲ್ಲಿ ಕ್ರಮ ಮುಖ್ಯ: ಮೊದಲು ಹಿಂಜ್, ಆಮೇಲೆ ಮುಚ್ಚಳ ಒರಗುವ ರಬ್ಬರ್ ಬುಶ್‌ಗಳು, ಆಮೇಲೆ ಬೀಡಿಂಗ್, ಕೊನೆಗೆ ಕೊಂಡಿ. ಗ್ಯಾರೇಜುಗಳಲ್ಲಿ ಇದನ್ನು ತಿರುವುಮುರುವಾಗಿ ಮಾಡುತ್ತಾರೆ, ಕೊಂಡಿಯನ್ನು ಬಡಿದು ಬಗ್ಗಿಸಿ ಮುಚ್ಚಳವನ್ನು ಅದಕ್ಕೆ ಎಳೆದು ಕೂರಿಸುತ್ತಾರೆ. ಮುಚ್ಚಳದ ಎರಡೂ ಬದಿಯ ಸಂದು ಸಮನಾಗಿದೆಯೇ ನೋಡಿ. ಒಂದು ಕಡೆ ಕಿರಿದು, ಒಂದು ಕಡೆ ಅಗಲವಾಗಿದ್ದರೆ ಹಿಂಜ್ ಬೋಲ್ಟ್ ಸಡಿಲಿಸಿ ಸರಿಸಿ. ಹಿಂಜ್ ಪಿನ್ ಸವೆದಿದ್ದರೆ ಮುಚ್ಚಳದ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ ಗೊತ್ತಾಗುತ್ತದೆ. ಆಗ ಪಿನ್ ಬದಲಿಸದೆ ಬೇರೆ ದಾರಿಯಿಲ್ಲ.

ಕೊಕ್ಕೆ ಕೊಂಡಿಯ ನಡುವಿಗೇ ಬೀಳುತ್ತಿದೆಯೇ ಎಂದು ತಿಳಿಯಲು ಅಡುಗೆಮನೆಯ ಚಪಾತಿ ಹಿಟ್ಟು ಸಾಕು. ಸಣ್ಣ ಉಂಡೆಯನ್ನು ಕೊಂಡಿಯ ಮೇಲೆ ಅಂಟಿಸಿ, ಕೊಕ್ಕೆ ಕಚ್ಚಿಕೊಳ್ಳುವ ಮುಂಚೆ ನಿಲ್ಲುವಂತೆ ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ. ಹಿಟ್ಟಿನ ಮೇಲಿನ ಅಚ್ಚು ಎಡಕ್ಕಿದ್ದರೆ ಕೊಂಡಿಯನ್ನು ಎಡಕ್ಕೆ ಸರಿಸಿ, ಬಲಕ್ಕಿದ್ದರೆ ಬಲಕ್ಕೆ. ಎತ್ತರವನ್ನು ಅರ್ಧ ಅರ್ಧ ಮಿ.ಮೀ. ಇಳಿಸುತ್ತಾ ಬನ್ನಿ. ಒಂದು ಅಡಿ ಎತ್ತರದಿಂದ ಬಿಟ್ಟಾಗ ಮುಚ್ಚಳ ತನ್ನ ಭಾರಕ್ಕೇ ಕಚ್ಚಿಕೊಳ್ಳಬೇಕು, ಮುಚ್ಚಿದ ಮೇಲೆ ಕೈಯಿಂದ ಎತ್ತಿದರೆ ಕಟಕಟ ಎನ್ನಬಾರದು.

ಬೀಡಿಂಗ್ ಪರೀಕ್ಷೆಗೆ ಪತ್ರಿಕೆಯ ಪಟ್ಟಿಗಳನ್ನು ಸುತ್ತಲೂ ಎಂಟು ಹತ್ತು ಕಡೆ ಇಟ್ಟು ಮುಚ್ಚಿ, ಒಂದೊಂದನ್ನೇ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ಮನೆ ಜಾರಿ ಬಂದ ಕಡೆ ನೀರು ನುಗ್ಗುತ್ತದೆ. ನೀರಷ್ಟೇ ಅಲ್ಲ: ಓಡುವ ಕಾರಿನ ಹಿಂದೆ ಗಾಳಿ ಸುಳಿಯುವುದರಿಂದ ಸೈಲೆನ್ಸರ್ ಹೊಗೆ ಆ ಸಂದಿಯಲ್ಲಿ ಒಳಬಂದು ಹಿಂದಿನ ಸೀಟಿನವರ ತಲೆನೋವಾಗುತ್ತದೆ. ಹೊಸ ಬೀಡಿಂಗ್ ಹಾಕಿದ್ದರೆ ಅದು ಒತ್ತಿ ಕೂರಲು ಕೆಲವು ವಾರ ಬೇಕು. ಈಗ ಕೊಂಡಿಯನ್ನು ಸ್ವಲ್ಪ ಮೇಲೇ ಬಿಟ್ಟು, ತಿಂಗಳ ನಂತರ ಇಳಿಸಿ.

ಕೈಹಾಕಿದ್ದೇ ಆಯಿತು, ಕೊಕ್ಕೆಯ ಲಿವರ್‌ಗೆ ಒಂದು ಸೈಕಲ್ ಬ್ರೇಕ್ ವೈರ್ ಕಟ್ಟಿ ಹಿಂದಿನ ಸೀಟಿನ ಹಿಂದಕ್ಕೆ ತಂದಿಡಿ. ಮುಂದೆ ಬೀಗ ಕೈಕೊಟ್ಟ ದಿನ ಡ್ರಿಲ್ ಬೇಡ, ಎಳೆದರೆ ತೆರೆಯುತ್ತದೆ. ವೈರು ಸಡಿಲವಾಗಿರಲಿ, ಬಿಗಿಯಾಗಿದ್ದರೆ ಕಾರು ರಸ್ತೆಯ ಹಳ್ಳ ಹಾರಿದಾಗ ಡಿಕ್ಕಿ ತಾನೇ ತೆರೆದುಕೊಳ್ಳುತ್ತದೆ.

ಎಣ್ಣೆಯ ವಿಷಯ ಕೊನೆಗೆ. ಬ್ಯಾರಲ್‌ಗೆ ಗ್ರಾಫೈಟ್ ಪುಡಿ ಮಾತ್ರ. ಸಿಗದಿದ್ದರೆ 2ಬಿ ಪೆನ್ಸಿಲ್ಲನ್ನು ಕೀಗೆ ಎರಡೂ ಕಡೆ ಗಾಢವಾಗಿ ಉಜ್ಜಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಮೊದಲು ಸ್ಪ್ರೇ ಹೊಡೆದಿದ್ದರೆ ಪೂರ್ತಿ ಒಣಗುವವರೆಗೆ ಗ್ರಾಫೈಟ್ ಬೇಡ, ಎರಡೂ ಸೇರಿ ಕಪ್ಪು ಅಂಟಾಗುತ್ತದೆ. ಕೊಕ್ಕೆಗೂ ಹಿಂಜ್‌ಗೂ ಗ್ರೀಸ್, ಬೆರಳ ತುದಿಯಷ್ಟು. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ: ಅದು 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಪ್ಲೇಟುಗಳು ಅಲುಗುವುದಿಲ್ಲ. ಉಳಿದ ದಿನ ಧೂಳು ಹಿಡಿದು ಮೇಣವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಗಳಿಗೆ ಉಪ್ಪುಗಾಳಿಯ ಕಾಟ ಬೇರೆ. ಅಲ್ಲಿ ಮೇ ಕೊನೆಗೊಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲೊಮ್ಮೆ ಕೊಕ್ಕೆ ತೊಳೆದು ಗ್ರೀಸ್ ಹಚ್ಚಿ. ಡಿಕ್ಕಿ ತೆರೆಯುವ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಕೀ ತಿರುಗಿಸಿಡಿ.